ಉಕ್ತ, ಅನುಕ್ತ, ದುರುಕ್ತ

ಸಂಡೂರು ತಾಲ್ಲೂಕಿನ ನಮ್ಮ ವಡ್ಡು ಗ್ರಾಮದಲ್ಲಿಯೂ ನೆರೆಯ ತೋರಣಗಲ್ಲಿನಲ್ಲಿಯೂ ಗಣಕಯಂತ್ರಕ್ಕೆ ತಂತ್ರಾಂಶ ಬರೆದು ಜೀವಿಸುವ ತರುಣ ತರುಣಿಯರು ಕೆಲವರಿರುವರು. ಅವರು ತಮ್ಮ ಕೂಟದಲ್ಲಿ ತಂತ್ರಾಂಶದ ಗುಣವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದರು. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಕಾಲ ಕಳೆದ ನನಗೆ ಆ ವಿದ್ಯೆಯ ಗಂಧವೂ ಇಲ್ಲವೆಂದೆನು. “ತಪ್ಪು ಹುಡುಕುವುದು ನಿಮಗೆ ಬರುವುದಲ್ಲವೆ?” ಎಂದರು. ಒಪ್ಪದೆ ವಿಧಿಯಿರಲಿಲ್ಲ.

ನಾನು ಪಾಣಿನಿಯಿಂದ ಆರಂಭಿಸಿದೆನು. ಆತನು ಸುಮಾರು 4,000 ಸೂತ್ರಗಳಲ್ಲಿ ಸಂಸ್ಕೃತ ಭಾಷೆಯನ್ನು ಕಟ್ಟಿಟ್ಟನು. ಸಾಮಾನ್ಯ ವಿಧಿ, ಅದಕ್ಕೆ ಅಪವಾದ, ಯಾವುದು ಮೊದಲು ಯಾವುದು ಅನಂತರವೆಂಬ ಕ್ರಮ, ಇವೆಲ್ಲ ಅಲ್ಲಿ ಉಂಟು. ಆದರೂ ಕಾತ್ಯಾಯನನು ಆ ಸೂತ್ರಗಳನ್ನು ಪರೀಕ್ಷಿಸಿ ವಾರ್ತಿಕಗಳನ್ನು ರಚಿಸಿದನು. ಪತಂಜಲಿಯು ಮಹಾಭಾಷ್ಯದಲ್ಲಿ ಇಬ್ಬರ ಮಾತನ್ನೂ ತೂಗಿ ನೋಡಿದನು. ಹೇಳಿದುದು ಸರಿಯೆ, ಹೇಳದೆ ಬಿಟ್ಟುದೇನು, ಕೆಟ್ಟದಾಗಿ ಹೇಳಿದುದೇನು ಎಂಬ ಮೂರನ್ನು ವಿಚಾರಿಸುವುದೇ ವಾರ್ತಿಕಕಾರನ ಕೆಲಸ. ಇದರಿಂದ ಪಾಣಿನಿಯ ಕೀರ್ತಿ ಕುಂದಲಿಲ್ಲ, ಶಾಸ್ತ್ರವು ಗಟ್ಟಿಯಾಯಿತು.

ಈ ಮೂರರಲ್ಲಿ ಹೇಳದೆ ಬಿಟ್ಟುದೇ ಹೆಚ್ಚು ಅಪಾಯಕರವಾದುದು. 1996ನೆಯ ಇಸವಿ ಜೂನ್ 4ರಂದು ಐರೋಪ್ಯರ ಏರಿಯಾನ್ 5 ರಾಕೆಟ್ಟು ಮೇಲೇರಿ ಒಂದು ನಿಮಿಷ ತುಂಬುವ ಮೊದಲೇ ನಾಶವಾಯಿತು. ಹಿಂದಿನ ಏರಿಯಾನ್ 4ಕ್ಕೆಂದು ಬರೆದ ತಂತ್ರಾಂಶದ ಒಂದು ಭಾಗವನ್ನು ಹಾಗೆಯೇ ಇದರಲ್ಲಿಯೂ ಇಟ್ಟಿದ್ದರು. ಹೊಸದರ ವೇಗವು ಹೆಚ್ಚು. 32,767ನ್ನು ಮೀರಿದ ಸಂಖ್ಯೆ ಹಿಡಿಸದ ಸ್ಥಾನದಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆಯನ್ನಿಡಲು ಯಂತ್ರವು ಹೆಣಗಿ ಕೆಟ್ಟಿತು. ಹಳೆಯದಕ್ಕೆ ಆ ಬರಹ ಸರಿಯಾಗಿಯೇ ಇದ್ದಿತು. ಹೊಸದಕ್ಕೆ ಸಾಲುವುದೇ ಎಂದು ಪರೀಕ್ಷಿಸಿ ನೋಡಿರಲಿಲ್ಲ.

ಬಳಿಕ ನಮ್ಮ ಬೀದಿಯ ಮಾತು ಹೇಳಿದೆನು. ನೆರೆಮನೆಯ ವೃದ್ಧ ವಿಧವೆಯೊಬ್ಬಳಿಗೆ ಮೂರು ತಿಂಗಳು ಮಾಸಾಶನ ಬರಲಿಲ್ಲ. ಒಂದು ಪಟ್ಟಿಯಲ್ಲಿ ಅವಳ ಹೆಸರಿನ ಕೊನೆಗೆ ‘ಅಮ್ಮ’ ಎಂದೂ, ಮತ್ತೊಂದರಲ್ಲಿ ‘ಅವ್ವ’ ಎಂದೂ ಇದ್ದುದೇ ಕಾರಣ. ಊರಿಗೆಲ್ಲ ಅವಳು ಒಬ್ಬಳೇ. ಯಂತ್ರಕ್ಕೆ ಮಾತ್ರ ಇಬ್ಬರು. ಅದನ್ನು ಬರೆದವನು ಅಕ್ಷರಗಳು ಕೂಡದಿದ್ದರೆ ತಿರಸ್ಕರಿಸೆಂದು ಹೇಳಿದನು; ತಿರಸ್ಕೃತಳಾದವಳು ಯಾರ ಬಳಿಗೆ ಹೋಗಬೇಕೆಂಬುದನ್ನು ಹೇಳಲಿಲ್ಲ. ಆ ಮೂರು ತಿಂಗಳು ಅವಳು ಅಂಗಡಿಯಲ್ಲಿ ಸಾಲ ಮಾಡಿ ಉಂಡಳು.

ಸಭೆಯು ಸ್ವಲ್ಪ ಹೊತ್ತು ಸುಮ್ಮನಿದ್ದಿತು. ಆಗ ಒಬ್ಬ ತರುಣಿಯು, “ಯಜಮಾನರು ಅವಸರಪಡಿಸುವರು; ಪರೀಕ್ಷೆಗೆ ವೇಳೆಯೆಲ್ಲಿ?” ಎಂದಳು. ಪರಾಧೀನರ ಕಷ್ಟವನ್ನು ಬಲ್ಲ ನಾನು ಅವಳನ್ನು ಗದರಿಸಲಾರದೆ ಹೋದೆನು. “ಏನನ್ನು ಪರೀಕ್ಷಿಸಲಿಲ್ಲವೋ ಅದನ್ನಾದರೂ ಬರೆದಿಡು, ತಾಯಿ, ಬಚ್ಚಿಟ್ಟ ಅಜ್ಞಾನವು ಬಡವರ ತಲೆಯ ಮೇಲೆ ಬೀಳುವುದು” ಎಂದಷ್ಟೇ ಹೇಳಿದೆನು.

ಮರುದಿನ ಬೆಳಿಗ್ಗೆ ಅವಳು ನನ್ನ ಮನೆಗೆ ಬಂದು, ನಮ್ಮ ಸೀಮೆಯಲ್ಲಿ ಒಂದೇ ಹೆಸರನ್ನು ಎಷ್ಟು ಬಗೆಯಾಗಿ ಬರೆಯುವರೆಂದು ಕೇಳಿದಳು. ನೆರೆಮನೆಯ ಮುದುಕಿಯನ್ನೂ ಕರೆದು ಜಗುಲಿಯ ಮೇಲೆ ಕುಳಿತೆವು. ಮಧ್ಯಾಹ್ನದ ವೇಳೆಗೆ ಅವಳ ಪುಸ್ತಕದ ಎರಡು ಪುಟಗಳು ತುಂಬಿದ್ದುವು.