ನಮ್ಮ ಮಕ್ಕಳ ಬಾಯಿಯ ಹಾಡು

ನಮ್ಮ ಮಕ್ಕಳು ಮಲಯಾಳ ಸಿನಿಮಾ ಹಾಡುಗಳನ್ನು ಗುನುಗುವುದು ನಮಗೆ ದೂರಿನ ವಿಷಯವಲ್ಲ. ಯೇಸುದಾಸ್, ಎಸ್. ಜಾನಕಿ ಇಬ್ಬರೂ ಎರಡು ಭಾಷೆಗಳಿಗೂ ದನಿಯಾದವರಷ್ಟೆ. ನಮ್ಮ ಕಳವಳ ಬೇರೆ. ಇಲ್ಲಿಯ ಮಗುವಿಗೆ ಕನ್ನಡದ ಹಾಡೆಂದರೆ ಪಾಠಪುಸ್ತಕದ ಪದ್ಯ, ತಪ್ಪಿದರೆ ಕಲೋತ್ಸವದ ಪದ್ಯ ಕಂಠಪಾಠ. ಬಹುಮಾನ ಬಂದ ಮರುದಿನ ಅದೂ ಮರೆತುಹೋಗುತ್ತದೆ.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂತು. ಕವಿತೆ ಪುಸ್ತಕದಿಂದಿಳಿದು ಅಡುಗೆಮನೆಗೂ ನುಗ್ಗಿದ್ದು ಅಂಥವುಗಳಿಂದ. ಆಮೇಲೆ ಸಿ. ಅಶ್ವತ್ಥರಂತೂ ಶಿಶುನಾಳ ಷರೀಫರನ್ನೇ ಮನೆಮನೆಗೆ ಕರೆತಂದರು.

ಈಚಿನವರಲ್ಲಿ ನಮಗೆ ಮೆಚ್ಚುಗೆಯಾದವರು ವಾಸುಕಿ ವೈಭವ್. ಕನ್ನಡ ಶಾಲೆಗೆ ಮಲಯಾಳಿ ಅಧ್ಯಾಪಕರನ್ನು ಹಾಕುವ ನಮ್ಮ ಸಂಕಟವನ್ನೇ ಕಥೆಯಾಗಿಸಿಕೊಂಡು 2018ರಲ್ಲಿ ಬಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಿತ್ರಕ್ಕೆ ಸಂಗೀತ ಅವರದು. ಅದರಲ್ಲಿನ ಶಾರದೆಯ ಹಾಡನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯರು ಯಾರೂ ಹೇಳದೆಯೇ ಕಲಿತು ಬೆಳಗಿನ ಪ್ರಾರ್ಥನೆಗೆ ತಂದರು. ವಾದ್ಯಗಳ ಗದ್ದಲ ಮಾತನ್ನು ನುಂಗುವುದಿಲ್ಲ. ಎಳೆಯ ಗಂಟಲಿಗೆ ಎಟಕುತ್ತದೆ. ಹಾಗೆಂದು ಆ ಚಿತ್ರದ ಎಲ್ಲ ಹಾಡುಗಳೂ ಒಂದೇ ತೂಕದವೆಂದು ನಾವು ಹೇಳೆವು.

ಆದರೆ ಬೆಂಗಳೂರಿನವರೇ ಬಂದು ನಮ್ಮ ಮಕ್ಕಳಿಗೆ ಹಾಡು ಕೊಡಬೇಕೇ? ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಮಕ್ಕಳಿಗಾಗಿಯೂ ಬರೆದವರು. ಭಾಗವತಿಕೆ, ಭಜನೆ ಬಲ್ಲ ತರುಣರು ನಮ್ಮ ಊರೂರಲ್ಲಿದ್ದಾರೆ. ಆ ಪದ್ಯಗಳಿಗೆ ಅವರೇ ರಾಗ ಹಾಕಲಿ. ನಮ್ಮ ಶಾಲೆಯಲ್ಲಿ ಹಾರ್ಮೋನಿಯಂ ಇದೆ, ಶನಿವಾರ ಕೊಠಡಿಯೂ ಖಾಲಿ.