ರೈಲು ಹೋದ ದಾರಿಯಲ್ಲಿ ಸೈಕಲ್ಲು ಬಂದಿತು

ಇಂದು ಐವತ್ತು ದಾಟಿದ ನಮ್ಮಲ್ಲಿ ಹಲವರು ಸೈಕಲ್ ತುಳಿಯುತ್ತಲೇ ಹೈಸ್ಕೂಲು ಮುಗಿಸಿದವರು. ಹಿಂದಿನ ಕ್ಯಾರಿಯರಿನಲ್ಲಿ ಪುಸ್ತಕದ ಗಂಟು, ಹ್ಯಾಂಡಲ್ಲಿಗೆ ಬುತ್ತಿಯ ಚೀಲ, ಎರಡೂ ಬದಿಗೆ ಜೋಳದ ಹೊಲ, ನಡುವೆ ಗರಸು ಹಾಕಿದ ಕೆಂಪು ರಸ್ತೆ. ಎದುರಿಗೆ ಬಂದರೆ ಒಂದು ಚಕ್ಕಡಿ, ಇಲ್ಲವೇ ದಿನಕ್ಕೆರಡು ಬಾರಿ ಬರುವ ಬಸ್ಸು. ಅದೇ ರಸ್ತೆ ಇಂದು ಡಾಂಬರು ಕಂಡಿದೆ, ಅಗಲವಾಗಿದೆ. ಲಾರಿ, ಕಾರು, ಟ್ರ್ಯಾಕ್ಟರುಗಳಿಂದ ತುಂಬಿದೆ. ಮೊಮ್ಮಗ ಸೈಕಲ್ಲು ಬೇಕೆಂದು ಹಟ ಹಿಡಿದರೆ ಕೊಡಿಸಲು ಅಜ್ಜನಿಗೆ ಮನಸ್ಸಿದೆ; ಅದನ್ನು ತುಳಿಯಲು ರಸ್ತೆಗೆ ಕಳಿಸುವ ಧೈರ್ಯ ಮಾತ್ರ ಇಲ್ಲ. ಸೈಕಲ್ಲು ಮನೆಯಂಗಳದಲ್ಲಿಯೇ ಸುತ್ತು ಹಾಕುತ್ತದೆ.

ಈ ಭಯ ನಮ್ಮದಷ್ಟೇ ಅಲ್ಲ. ವಾಹನಗಳ ಸಂಖ್ಯೆ ಏರಿದ ದೇಶಗಳಲ್ಲೆಲ್ಲ ತಂದೆತಾಯಿಗಳು ಇದನ್ನು ಅನುಭವಿಸಿದ್ದಾರೆ. ಕೆಲವು ಕಡೆಗಳಲ್ಲಿ ಅದಕ್ಕೊಂದು ಸುಂದರವಾದ ಉತ್ತರವೂ ದೊರೆತಿದೆ. ರೈಲು ನಿಂತುಹೋದ ಹಳೆಯ ಹಾದಿಗಳನ್ನು ಕಾಲುನಡಿಗೆಯವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವುದೇ ಆ ಉತ್ತರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವಣ ಹಳೆಯ ರೈಲುಹಾದಿ 1960ರ ದಶಕದಲ್ಲಿಯೇ ಇಂತಹ ಸೈಕಲ್ ಹಾದಿಯಾಯಿತು. ಸ್ಪೇನ್ ದೇಶವು 1993ರಲ್ಲಿ ‘ಹಸಿರು ಹಾದಿ’ಗಳ ಯೋಜನೆಯನ್ನು ಕೈಗೊಂಡಿತು. ಆದರೆ ಇಂತಹ ಹಾದಿಯೊಂದು ಸೊರಗುತ್ತಿದ್ದ ಹಳ್ಳಿಗಳಿಗೆ ಮರಳಿ ಜೀವ ತುಂಬಿದ ಕಥೆಯನ್ನು ಕೇಳಬೇಕಾದರೆ ನಾವು ಭೂಗೋಳದ ದಕ್ಷಿಣದ ಅಂಚಿಗೆ, ನ್ಯೂಜಿಲೆಂಡಿನ ಒಟಾಗೋ ಪ್ರಾಂತಕ್ಕೆ ಹೋಗಬೇಕು.

ಚಿನ್ನದಿಂದ ಹುಟ್ಟಿದ ಹಾದಿ

1861ರಲ್ಲಿ ಗೇಬ್ರಿಯಲ್ ರೀಡ್ ಎಂಬಾತನಿಗೆ ಒಟಾಗೋದ ಕಣಿವೆಯೊಂದರಲ್ಲಿ ಚಿನ್ನ ದೊರೆಯಿತು. ಮರುವರ್ಷ ಹಾರ್ಟ್ಲಿ ಮತ್ತು ರೈಲಿ ಎಂಬಿಬ್ಬರು ಕ್ಲೂಥಾ ನದಿಯ ದಡದಲ್ಲಿ ತೆಗೆದ 87 ಪೌಂಡು ಚಿನ್ನವನ್ನು ಡುನೆಡಿನ್ ಪಟ್ಟಣಕ್ಕೆ ತಂದು ತೋರಿಸಿದರು. ಸಾವಿರಾರು ಜನ ಆ ಬರಡು ಬೆಟ್ಟಗಳಿಗೆ ನುಗ್ಗಿದರು. ಕ್ರಮೇಣ ಚಿನ್ನ ಕಡಿಮೆಯಾಯಿತು. ಬಂದವರಲ್ಲಿ ಹಲವರು ನೆಲ ಹಿಡಿದು ಕುರಿ ಸಾಕಿದರು, ಹಣ್ಣಿನ ತೋಟ ಮಾಡಿದರು. ಉಣ್ಣೆಯೂ ಹಣ್ಣೂ ಬಂದರು ಪಟ್ಟಣವನ್ನು ಸೇರಬೇಕಾದರೆ ರೈಲು ಬೇಕಾಯಿತು.

1879ರಲ್ಲಿ ಡುನೆಡಿನ್ ಬಳಿಯ ವಿಂಗಟೂಯಿಯಿಂದ ಹಳಿ ಹಾಕುವ ಕೆಲಸ ಆರಂಭವಾಯಿತು. ಗುದ್ದಲಿ, ಪಿಕಾಸಿ, ಸಿಡಿಮದ್ದುಗಳೇ ಅಂದಿನ ಸಾಧನಗಳು. ಮಿಡಲ್‌ಮಾರ್ಚ್ ಮುಟ್ಟಲು 1891 ಆಯಿತು. ಕ್ಲೈಡ್ ಊರನ್ನು ಸೇರಿದ್ದು 1907ರಲ್ಲಿ. ಕಡೆಯ ನಿಲ್ದಾಣವಾದ ಕ್ರಾಮ್‌ವೆಲ್ ತಲುಪಿದ್ದು 1921ರಲ್ಲಿ. ಕೆಲಸವನ್ನು ಆರಂಭಿಸಿದ ತಲೆಮಾರಿನವರಲ್ಲಿ ಎಷ್ಟೋ ಜನ ಅದರ ಮುಕ್ತಾಯವನ್ನು ಕಾಣಲಿಲ್ಲ. ಹಾದಿಯುದ್ದಕ್ಕೂ ನಿಲ್ದಾಣಗಳು ಹುಟ್ಟಿದವು. ನಿಲ್ದಾಣದ ಸುತ್ತ ಅಂಗಡಿ, ವಸತಿಗೃಹ, ಶಾಲೆಗಳು ಹುಟ್ಟಿದವು.

ಹಳಿ ಕಿತ್ತ ದಿನಗಳು

ಕಾಲ ಬದಲಾಯಿತು. ಲಾರಿಗಳು ಬಂದವು. 1976ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಕ್ಲೈಡ್ ಬಳಿ ಬೃಹತ್ ಅಣೆಕಟ್ಟು ಕಟ್ಟುವ ಸಲುವಾಗಿ 1980ರಲ್ಲಿ ಕ್ರಾಮ್‌ವೆಲ್ ವರೆಗಿನ ತುದಿಯನ್ನು ಮುಚ್ಚಲಾಯಿತು. ಉಳಿದ ಹಾದಿಯು ಅಣೆಕಟ್ಟಿನ ಸಾಮಗ್ರಿಯನ್ನು ಹೊತ್ತು ಇನ್ನಷ್ಟು ಕಾಲ ಬದುಕಿತು. ಆ ಕೆಲಸವೂ ತೀರಿದ ಮೇಲೆ, 1990ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಅದಕ್ಕೂ ಬೀಗ ಬಿತ್ತು. ಮಿಡಲ್‌ಮಾರ್ಚಿನಿಂದ ಕ್ಲೈಡ್ ವರೆಗಿನ ಹಳಿಗಳನ್ನು ಕಿತ್ತು ಒಯ್ಯಲಾಯಿತು.

ಹಳಿ ಕಿತ್ತಾಗ ಹೋದದ್ದು ಕಬ್ಬಿಣವಷ್ಟೇ ಅಲ್ಲ. ರೈಲ್ವೆಯ ನೌಕರರ ಕುಟುಂಬಗಳು ಹೋದವು. ಸರಕಾರವು ಕೃಷಿಗೆ ಕೊಡುತ್ತಿದ್ದ ಸಹಾಯಧನವನ್ನು 1980ರ ದಶಕದ ಮಧ್ಯದಲ್ಲಿ ಹಿಂತೆಗೆದುಕೊಂಡಿದ್ದರಿಂದ ರೈತರು ಮೊದಲೇ ಬಳಲಿದ್ದರು. ಯುವಕರು ಪಟ್ಟಣದ ದಾರಿ ಹಿಡಿದರು. ಹಳ್ಳಿಯ ಮನೆಯಲ್ಲಿ ವೃದ್ಧರಷ್ಟೇ ಉಳಿಯುವ ನೋವು ಎಂತಹುದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಆಗ ದೇಶದ ಸಂರಕ್ಷಣಾ ಇಲಾಖೆಯು 1993ರಲ್ಲಿ ಆ ಖಾಲಿ ಹಾದಿಯನ್ನು ತನ್ನ ವಶಕ್ಕೆ ಪಡೆಯಿತು. ಇಲಾಖೆಯ ಜೊತೆಗೆ ಸ್ಥಳೀಯರ ಒಂದು ಟ್ರಸ್ಟ್ ಕೈಜೋಡಿಸಿ ಹಣ ಕೂಡಿಸಿತು. ಎಲ್ಲರೂ ಒಪ್ಪಿದ್ದರೆಂದಲ್ಲ. ಅಪರಿಚಿತರು ಹೊಲದ ನಡುವೆ ಹಾಯ್ದರೆ ಕುರಿಗಳ ಗತಿಯೇನು, ಬೇಲಿಯ ಗೇಟನ್ನು ತೆರೆದಿಟ್ಟು ಹೋದರೆ ಹೊಣೆ ಯಾರು, ಬೇಸಿಗೆಯ ಒಣಹುಲ್ಲಿಗೆ ಬೆಂಕಿ ಬಿದ್ದರೆ ಏನು ಮಾಡುವುದು ಎಂಬ ರೈತರ ಅಳುಕಿನಲ್ಲಿ ಅರ್ಥವಿತ್ತು. ಆದರೂ ಕೆಲಸ ಸಾಗಿತು. ಹಳಿಯಡಿಯ ಒರಟು ಜಲ್ಲಿಯ ಮೇಲೆ ಸಣ್ಣ ಗರಸು ಹಾಸಿದರು. ಸೇತುವೆಗಳಿಗೆ ಹಲಗೆಯನ್ನೂ ಕೈಪಿಡಿಯನ್ನೂ ಜೋಡಿಸಿದರು. 2000ದ ಫೆಬ್ರುವರಿಯಲ್ಲಿ 152 ಕಿಲೋಮೀಟರ್ ಉದ್ದದ ಪೂರ್ಣ ಹಾದಿ ತೆರೆಯಿತು.

ಒಂದೇ ಹಾದಿ, ಹಲವು ಪ್ರಕೃತಿ

ರೈಲುಹಾದಿ ಸೈಕಲ್ಲಿಗೆ ಇಷ್ಟು ಹೊಂದುವುದೇಕೆ? ಭಾರ ಹೊತ್ತ ರೈಲು ಕಡಿದಾದ ಏರನ್ನು ಏರಲಾರದು. ಆದ್ದರಿಂದ ಅಂದಿನ ಇಂಜಿನಿಯರುಗಳು ಬೆಟ್ಟವನ್ನು ಸುತ್ತಿ, ಕೊರೆದು, ಕೊರಕಲಿಗೆ ಸೇತುವೆ ಹಾಕಿ ಹಾದಿಯನ್ನು ಮೆಲ್ಲಗೆ ಏರಿಸಿದರು. ರೈಲಿಗಾಗಿ ಪಟ್ಟ ಆ ಶ್ರಮದ ಫಲವನ್ನು ಇಂದು ಹತ್ತು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಉಣ್ಣುತ್ತಿದ್ದಾರೆ. ಮೋಟಾರು ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರಿಗಷ್ಟೇ ಆ ದಾರಿ ಮೀಸಲು. ಡಾಂಬರು ರಸ್ತೆಯನ್ನು ಅಡ್ಡ ಹಾಯುವ ಕಡೆಗಳಲ್ಲಿ ಮಾತ್ರ ಎಚ್ಚರ ವಹಿಸಬೇಕು.

ಕ್ಲೈಡಿನಿಂದ ಹೊರಟವರಿಗೆ ಮೊದಲು ಕಾಣುವುದು ಅಲೆಕ್ಸಾಂಡ್ರಾ ಪಟ್ಟಣದ ಸುತ್ತಲಿನ ಹಣ್ಣಿನ ತೋಟಗಳು. ನ್ಯೂಜಿಲೆಂಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೊಂದು. ಕಲ್ಲುಬೆಟ್ಟಗಳ ಮೇಲೆ ತಾನಾಗಿ ಹಬ್ಬಿದ ಥೈಮ್ ಗಿಡ ಹೂಬಿಟ್ಟಾಗ ಇಳಿಜಾರೆಲ್ಲ ನೇರಳೆ ಬಣ್ಣ ತಳೆಯುತ್ತದೆ. ಮುಂದೆ ಮನುಹೆರಿಕಿಯಾ ನದಿಯ ಕಣಿವೆ. ಒಮಕಾವು ಊರಿನ ಸಮೀಪದ ಒಫಿರ್ ಗ್ರಾಮದಲ್ಲಿ 1995ರ ಜುಲೈಯಲ್ಲಿ ಶೂನ್ಯಕ್ಕಿಂತ 21.6 ಡಿಗ್ರಿ ಕೆಳಗಿನ ಚಳಿ ದಾಖಲಾಗಿತ್ತು. ಅದೇ ಸೀಮೆಯಲ್ಲಿ ಬೇಸಿಗೆಯ ಬಿಸಿಲು 30 ಡಿಗ್ರಿಯನ್ನು ದಾಟುವುದೂ ಉಂಟು.

ಲಾಡರ್ ದಾಟಿದ ಮೇಲೆ ಹಾದಿ ಪೂಲ್‌ಬರ್ನ್ ಕಮರಿಯನ್ನು ಹೊಗುತ್ತದೆ. ಇಲ್ಲಿ ಬಂಡೆ ಕೊರೆದ ಎರಡು ಸುರಂಗಗಳಿವೆ. ಒಳಗೆ ದೀಪವಿಲ್ಲ, ಟಾರ್ಚು ಹಿಡಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ಕ್ಷೇಮ. ಇದೇ ಕಮರಿಯಲ್ಲಿ 37 ಮೀಟರ್ ಎತ್ತರದ ಸೇತುವೆಯೂ ಇದೆ. ಕಮರಿ ಮುಗಿದೊಡನೆ ಐಡಾ ಕಣಿವೆಯ ಬಯಲು ತೆರೆದುಕೊಳ್ಳುತ್ತದೆ. ಒಟುರೆಹುವಾ ಮತ್ತು ವೆಡರ್‌ಬರ್ನ್ ನಡುವೆ ಸಮುದ್ರಮಟ್ಟದಿಂದ 618 ಮೀಟರ್ ಎತ್ತರದ ಶಿಖರಬಿಂದು. ಅಲ್ಲಿಂದಾಚೆ ಮನಿಯೊಟೊಟೊ ಎಂಬ ವಿಶಾಲ ಮೈದಾನ. ಒಣಹುಲ್ಲಿನ ಹೊಂಬಣ್ಣ, ಅಂಚಿನಲ್ಲಿ ಬೆಟ್ಟಗಳ ಸಾಲು, ಮೇಲೆ ಕೊನೆಯಿಲ್ಲದ ಆಕಾಶ. ವೆಡರ್‌ಬರ್ನಿನ ಹಳೆಯ ಗೂಡ್ಸ್ ಶೆಡ್ಡನ್ನು ಚಿತ್ರಕಾರ ಗ್ರಹಾಂ ಸಿಡ್ನಿ ತಮ್ಮ ಚಿತ್ರದಿಂದ ದೇಶಕ್ಕೇ ಪರಿಚಯಿಸಿದರು. ರಾನ್‌ಫರ್ಲಿ, ವೈಪಿಯಾಟಾ, ಹೈಡ್ ಊರುಗಳನ್ನು ದಾಟಿ, ಟೈಯೆರಿ ನದಿಯನ್ನೂ ರಾಕ್ ಅಂಡ್ ಪಿಲ್ಲರ್ ಬೆಟ್ಟಸಾಲನ್ನೂ ಜೊತೆಗಿರಿಸಿಕೊಂಡು ಹಾದಿಯು ಮಿಡಲ್‌ಮಾರ್ಚನ್ನು ಸೇರುತ್ತದೆ.

ಈ ಹಾದಿಗೆ ದುಃಖದ ನೆನಪೂ ಇದೆ. 1943ರ ಜೂನ್ 4ರಂದು ಹೈಡ್ ಸಮೀಪದ ತಿರುವಿನಲ್ಲಿ ಅತಿ ವೇಗದಿಂದ ಬಂದ ರೈಲು ಹಳಿ ತಪ್ಪಿ 21 ಜನ ಪ್ರಾಣ ಕಳೆದುಕೊಂಡರು. ಅವರ ಸ್ಮರಣೆಗಾಗಿ ಕಲ್ಲಿನ ಸ್ಮಾರಕವೊಂದಿದೆ. ವೇಗದ ಅವಸರ ಬಲಿ ತೆಗೆದುಕೊಂಡ ಎಡೆಯಲ್ಲಿ ಇಂದು ಜನ ನಿಧಾನವಾಗಿ ಪೆಡಲ್ ತುಳಿಯುತ್ತಾ ಸಾಗುತ್ತಾರೆ.

ಹ್ಯಾನಾ ಹೇಸ್ ಎಂಬ ಗೃಹಿಣಿ

ಒಟುರೆಹುವಾದಲ್ಲಿ ನಮ್ಮ ಸೋದರಿಯರು ಅವಶ್ಯವಾಗಿ ಕೇಳಬೇಕಾದ ಕಥೆಯೊಂದಿದೆ. ಅರ್ನೆಸ್ಟ್ ಹೇಸ್ ಎಂಬ ಕುಶಲಕರ್ಮಿ 1895ರಲ್ಲಿ ತನ್ನ ಜಮೀನಿನಲ್ಲಿಯೇ ಕೃಷಿ ಉಪಕರಣಗಳನ್ನು ಮಾಡತೊಡಗಿದ. ಬೆಳೆ ತಿನ್ನುವ ಮೊಲಗಳಿಗೆ ಇಡುವ ವಿಷದ ಉಂಡೆಯನ್ನು ಕತ್ತರಿಸುವ ಯಂತ್ರ, ಬೇಲಿಯ ತಂತಿಯನ್ನು ಬಿಗಿಯುವ ಸಾಧನ ಮೊದಲಾದವು ಅವನ ಕೈಯಿಂದ ಹೊರಬಂದವು. ಆದರೆ ಆ ನಿರ್ಜನ ಸೀಮೆಯಲ್ಲಿ ಕೊಳ್ಳುವವರನ್ನು ಹುಡುಕುವುದೆಲ್ಲಿ? ಅವನ ಪತ್ನಿ ಹ್ಯಾನಾ ಸೈಕಲ್ಲೇರಿ ಹೊರಟಳು. ಒರಟು ಮಣ್ಣಿನ ದಾರಿಗಳಲ್ಲಿ, ದೂರದೂರದ ಕುರಿಸಾಕಣೆಯ ಮನೆಗಳಿಗೆ ಹೋಗಿ, ಗಂಡ ಮಾಡಿದ ಉಪಕರಣಗಳ ಗುಣವನ್ನು ವಿವರಿಸಿ ಬೇಡಿಕೆಗಳನ್ನು ಪಡೆದು ತಂದಳು. ಹೆಂಗಸು ಸೈಕಲ್ ತುಳಿಯುವುದೇ ಸೋಜಿಗವೆನಿಸಿದ್ದ ಕಾಲವದು. ಆ ಕಾರ್ಯಾಗಾರ ಇಂದು ರಾಷ್ಟ್ರದ ಪಾರಂಪರಿಕ ಸ್ಥಳವಾಗಿ ಉಳಿದಿದೆ. ರೈಲು ಆ ಊರಿಗೆ ಬರುವ ಮುನ್ನವೇ ಸೈಕಲ್ಲು ಒಂದು ಸಂಸಾರವನ್ನು ಎತ್ತಿ ನಿಲ್ಲಿಸಿತ್ತು. ರೈಲು ಹೋದ ಮೇಲೆ ಅದೇ ಸೈಕಲ್ಲು ಊರುಗಳ ಕೈಹಿಡಿಯಿತು.

ಹೋಗುವವರಿಗೆ ನಾಲ್ಕು ಮಾತು

ಇಂದು ಮಕ್ಕಳು ನ್ಯೂಜಿಲೆಂಡಿನಲ್ಲಿ ನೆಲೆಸಿರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಮಗನನ್ನೋ ಮಗಳನ್ನೋ ನೋಡಲು ಹೋದ ಹಿರಿಯರು ನಾಲ್ಕು ಗೋಡೆಗಳ ನಡುವೆ ದಿನ ಎಣಿಸುವ ಬದಲು ಒಮ್ಮೆ ಇತ್ತ ಬರಬಹುದು. ಅಕ್ಟೋಬರಿನಿಂದ ಏಪ್ರಿಲ್ ವರೆಗಿನ ಕಾಲ ಹಿತಕರ. ಪೂರ್ಣ ಹಾದಿಗೆ ಸಾಮಾನ್ಯವಾಗಿ ಮೂರರಿಂದ ಐದು ದಿನ ಬೇಕು. ಕ್ಲೈಡಿನಿಂದ ಅಲೆಕ್ಸಾಂಡ್ರಾ ವರೆಗಿನ ಎಂಟು ಕಿಲೋಮೀಟರನ್ನಷ್ಟೇ ತುಳಿದು ಮರಳುವವರೂ ಇದ್ದಾರೆ. ಸೈಕಲ್ಲು ಬಾಡಿಗೆಗೆ ದೊರೆಯುತ್ತದೆ. ಸಾಮಾನನ್ನು ಮುಂದಿನ ಊರಿಗೆ ತಲುಪಿಸುವವರಿದ್ದಾರೆ. ಗರಸಿನ ಮೇಲೆ ಸಪೂರ ಟೈರು ಜಾರುತ್ತದೆಯಾದ್ದರಿಂದ ಅಗಲವಾದ ಟೈರಿನ ಸೈಕಲ್ಲು ಬೇಕು. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬಿಸಬಾರದು. ಮೊಣಕಾಲು ನೋವಿನವರಿಗೆ ಬ್ಯಾಟರಿ ಸೈಕಲ್ಲಿದೆ. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸುವುದೂ, ರೊಟ್ಟಿ-ಚಟ್ನಿಪುಡಿಯ ಗಂಟನ್ನು ಜೊತೆಗಿಟ್ಟುಕೊಳ್ಳುವುದೂ ಒಳ್ಳೆಯದು. ನೀರು ಮತ್ತು ಬೆಚ್ಚನೆಯ ಉಡುಪನ್ನು ಬೇಸಿಗೆಯಲ್ಲಿಯೂ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾದುದು, ಬೇಲಿಯ ಗೇಟು ನೀವು ಬಂದಾಗ ಹೇಗಿತ್ತೋ ಹೋಗುವಾಗಲೂ ಹಾಗೆಯೇ ಇರಬೇಕು. ಅದು ರೈತನಿಗೆ ಪ್ರಯಾಣಿಕನು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.

ದಾರಿ ಉಳಿದರೆ ಊರು ಉಳಿದೀತು

ಹಾದಿ ತೆರೆದ ಮೇಲೆ ಆ ಹಳ್ಳಿಗಳ ಹಳೆಯ ವಸತಿಗೃಹಗಳಲ್ಲಿ ಮತ್ತೆ ದೀಪ ಹತ್ತಿತು. ರೈತರ ಮನೆಗಳ ಖಾಲಿ ಕೋಣೆಗಳು ಅತಿಥಿಗಳನ್ನು ಕಂಡವು. ಆರಂಭದಲ್ಲಿ ಅಳುಕಿದ್ದವರೇ ಕ್ರಮೇಣ ಚಹಾ-ತಿಂಡಿಯ ಅಂಗಡಿ ತೆರೆದರು. 2009ರಲ್ಲಿ ಸರಕಾರವು ದೇಶದಾದ್ಯಂತ ಸೈಕಲ್ ಹಾದಿಗಳ ಜಾಲವನ್ನು ನಿರ್ಮಿಸಲು ಮುಂದಾದಾಗ ಒಟಾಗೋದ ಈ ಯಶಸ್ಸು ಕಣ್ಣ ಮುಂದಿನ ಮಾದರಿಯಾಗಿತ್ತು.

ಇದರಲ್ಲಿ ನಾವು ಗಮನಿಸಬೇಕಾದ ತತ್ತ್ವವೊಂದಿದೆ. ಹಿರಿಯರು ಬೆವರು ಸುರಿಸಿ ಮಾಡಿದ ದಾರಿಯನ್ನು, ಅದರ ಮೊದಲ ಉದ್ದೇಶ ತೀರಿತೆಂದು ಒತ್ತುವರಿಗೆ ಬಿಟ್ಟುಕೊಟ್ಟಿದ್ದರೆ ಅದು ತುಂಡುತುಂಡಾಗಿ ಮಾಯವಾಗುತ್ತಿತ್ತು. ಒಮ್ಮೆ ತುಂಡಾದ ದಾರಿಯನ್ನು ಮರಳಿ ಕೂಡಿಸುವುದು ಯಾರಿಂದಲೂ ಆಗದ ಕೆಲಸ. ನಮ್ಮ ಊರುಗಳ ಸುತ್ತಲೂ ಹಳೆಯ ಬಂಡಿದಾರಿಗಳಿವೆ, ಕಾಲುವೆಯ ಏರಿಗಳಿವೆ, ಹೊಲದ ಹಾದಿಗಳಿವೆ. ಅವು ಕಂದಾಯದ ನಕಾಶೆಯಲ್ಲಿ ಉಳಿದು ನೆಲದ ಮೇಲೆ ಅಳಿಯುವ ಮುನ್ನ ಊರಿನ ಹಿರಿಯರು ಒಂದು ಸಂಜೆ ಕುಳಿತು ಯೋಚಿಸಬಾರದೇ? ಐದು ಕಿಲೋಮೀಟರ್ ದಾರಿಯಾದರೂ ಸಾಕು. ಲಾರಿಯ ಹಾರ್ನು ಕೇಳಿಸದ ಆ ಐದು ಕಿಲೋಮೀಟರಿನಲ್ಲಿ ಮೊಮ್ಮಗ ಮುಂದೆ, ಅಜ್ಜ ಹಿಂದೆ ಸೈಕಲ್ ತುಳಿಯುತ್ತಾ ಹೋದರೆ, ಅಂಗಳದಲ್ಲಿ ಸುತ್ತು ಹಾಕುತ್ತಿದ್ದ ಆ ಪುಟ್ಟ ಸೈಕಲ್ಲಿಗೆ ಕೊನೆಗೂ ಒಂದು ದಾರಿ ದೊರೆತಂತಾಗುತ್ತದೆ.