ಗಾಜಿನೊಳಗಿನ ಕಡಲು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೂ ಕಡಲಿಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಕಾರವಾರದ ಕರಾವಳಿ ಸಿಂಧನೂರಿನಿಂದ ನೇರ ಅಳತೆಗೇ ಸುಮಾರು 300 ಕಿಲೋಮೀಟರು ದೂರದಲ್ಲಿದೆ. ಇಂತಹ ಬಯಲುಸೀಮೆಯ ಊರಿನ ಮನೆಯೊಂದರಲ್ಲಿ, ಗಾಜಿನ ತೊಟ್ಟಿಯೊಳಗೆ ಕಡಲ ಮೀನುಗಳನ್ನು ಸಾಕಲು ಸಾಧ್ಯವೆ? ಸಾಧ್ಯ. ಆದರೆ ಮೀನನ್ನು ಸಾಕುವ ಮೊದಲು ನೀರನ್ನು ಸಾಕಲು ಕಲಿಯಬೇಕು.

ಕಡಲ ನೀರೆಂದರೆ ಉಪ್ಪು ಕದಡಿದ ನೀರು ಎಂಬುದು ಅರೆತಿಳಿವಳಿಕೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ 85ರಷ್ಟು ಅಡುಗೆ ಉಪ್ಪಿನ ಘಟಕಗಳಾದ ಸೋಡಿಯಂ ಮತ್ತು ಕ್ಲೋರೈಡ್. ಉಳಿದವು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಈ ಉಳಿದವುಗಳಿಲ್ಲದೆ ಕಡಲ ಜೀವಿ ಬಾಳಲಾರದು. ಬಾವಿಯ ನೀರು ನಾಲಗೆಗೆ ಉಪ್ಪೆನಿಸಿದ ಮಾತ್ರಕ್ಕೆ ಅದು ಕಡಲ ನೀರಾಗದು. ಅದರ ಲವಣಗಳ ಪಾಕವೇ ಬೇರೆ, ಗದ್ದೆಗೆ ಎರಚಿದ ಗೊಬ್ಬರದ ಅಂಶವೂ ಅದಕ್ಕೆ ಇಳಿದಿರಬಹುದು. ಆದುದರಿಂದ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಶೋಧಿಸಿದ ನೀರನ್ನು ತಂದು, ಇದಕ್ಕೆಂದೇ ತಯಾರಿಸಿ ಮಾರುವ ಕಡಲುಪ್ಪಿನ ಮಿಶ್ರಣವನ್ನು ಅದರಲ್ಲಿ ಕರಗಿಸಬೇಕು. ನೂರು ಲೀಟರಿನ ತೊಟ್ಟಿಗೆ ಸುಮಾರು ಮೂರೂವರೆ ಕಿಲೋಗ್ರಾಂ ಬೇಕಾದೀತು. ಹೈಡ್ರೋಮೀಟರ್ ಇಳಿಬಿಟ್ಟಾಗ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದ್ದರೆ ಪಾಕ ಸರಿಯಾಗಿದೆ ಎಂದರ್ಥ.

ನೀರು ಸಿದ್ಧವಾಯಿತೆಂದು ಅಂದೇ ಮೀನು ತಂದು ಬಿಡುವವರೇ ಹೆಚ್ಚು. ಅವರ ಮೀನುಗಳು ಸಾಯುವುದೂ ಹೆಚ್ಚು. ಮೀನಿನ ಉಸಿರಾಟದಿಂದಲೂ ಮಲದಿಂದಲೂ ಉಳಿದ ಆಹಾರದ ಕೊಳೆತದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಅಪಾರವಾದ ಕಡಲಿನಲ್ಲಿ ಅದು ಕ್ಷಣದಲ್ಲಿ ಚದುರಿಹೋಗುತ್ತದೆ. ತೊಟ್ಟಿಯಲ್ಲಿ ಹೋಗಲು ಎಡೆಯಿಲ್ಲ. ಅಲ್ಲಿ ಅದನ್ನು ಅರಗಿಸುವ ಕೆಲಸ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳದು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ; ಇದು ಬಹುಮಟ್ಟಿಗೆ ನಿರಪಾಯಕಾರಿ. ಈ ಸೂಕ್ಷ್ಮಜೀವಿಗಳು ಕಲ್ಲು, ಮರಳುಗಳ ಮೈಮೇಲೆ ನೆಲೆಸಿ ಸಾಕಷ್ಟು ಬೆಳೆಯಲು ನಾಲ್ಕಾರು ವಾರಗಳು ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕಿ ಕೊಳೆಯಬಿಟ್ಟು, ಪಂಪಿನಿಂದ ನೀರನ್ನು ಆಡಿಸುತ್ತ ಕಾಯಬೇಕು. ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದಿರಬೇಕು. ಹೊರಗಿನಿಂದ ನೋಡುವವರಿಗೆ ಇದು ಬರಿಯ ನೀರು ತುಂಬಿದ ಪೆಟ್ಟಿಗೆ. ಒಳಗೆ ನಡೆದಿರುವುದು ಊರು ಕಟ್ಟುವ ಕೆಲಸ.

ತೊಟ್ಟಿಗೆ ಹಾಕುವ ಕಲ್ಲನ್ನೂ ಆರಿಸಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಅಲ್ಲಿ ಚಿನ್ನದ ಅದಿರಿನೊಡನೆ ಗಂಧಕ ಮತ್ತು ಆರ್ಸೆನಿಕ್‌ಗಳ ಖನಿಜಗಳೂ ಇರುವುದರಿಂದ, ಹೊಳಪಿಗೆ ಮರುಳಾಗಿ ಅಂತಹ ಕಲ್ಲನ್ನು ನೀರಿಗೆ ಹಾಕಬಾರದು. ಚೆನ್ನಾಗಿ ತೊಳೆದ ಸುಣ್ಣಕಲ್ಲು ಲೇಸು.

ಇನ್ನು ಬೇಸಗೆಯ ಮಾತು. ನೂರು ಲೀಟರ್ ನೀರಿನಲ್ಲಿ 3,500 ಗ್ರಾಂ ಲವಣವಿದೆಯೆನ್ನೋಣ. ಹತ್ತು ಲೀಟರ್ ಆವಿಯಾದರೆ ಹೋಗುವುದು ನೀರು ಮಾತ್ರ. ಲವಣವೆಲ್ಲ ಅಲ್ಲಿಯೇ ಉಳಿಯುತ್ತದೆ. ಆಗ ಲೀಟರಿಗೆ 35 ಗ್ರಾಂ ಇದ್ದುದು ಸುಮಾರು 39ಕ್ಕೆ ಏರುತ್ತದೆ. ಈ ಕೊರತೆಯನ್ನು ಮತ್ತೆ ಉಪ್ಪುನೀರಿನಿಂದಲೇ ತುಂಬಿದರೆ ಲವಣ 3,850 ಗ್ರಾಂ ಆಗುತ್ತದೆ. ಪ್ರತಿಸಲವೂ ಹೀಗೆಯೇ ಮಾಡಿದರೆ ಕೆಲವು ವಾರಗಳಲ್ಲಿ ತೊಟ್ಟಿ ಮೀನಿಗೆ ಮಸಣವಾದೀತು. ಆವಿಯಾದ ನೀರಿಗೆ ಬದಲು ಸಿಹಿನೀರನ್ನೇ ಸೇರಿಸಬೇಕು.

ಸಿಂಧನೂರಿನ ರೈತನಿಗೆ ಈ ಲೆಕ್ಕ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಈ ಸೀಮೆ ಭತ್ತದ ಕಣಜವಾಯಿತು. ಜೊತೆಗೆ ಸವಳು-ಜವಳಿನ ಪಿಡುಗೂ ಬಂದಿತು. ಕಾಲುವೆಯ ಸಿಹಿನೀರಿನಲ್ಲಿಯೂ ಅಷ್ಟಿಷ್ಟು ಲವಣವಿರುತ್ತದೆ. ಹೆಚ್ಚಾಗಿ ಹರಿಸಿದ ನೀರು ಬಸಿದುಹೋಗದೆ ನಿಂತರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಲವಣವನ್ನು ಮಣ್ಣಿನ ಮೇಲೆ ಬಿಳಿಯ ಹೊದಿಕೆಯಾಗಿ ಬಿಡುತ್ತದೆ. ಹೊಲಕ್ಕೆ ಬಸಿಗಾಲುವೆ ಯಾವ ಉಪಕಾರ ಮಾಡುತ್ತದೆಯೋ ಅದನ್ನೇ ತೊಟ್ಟಿಗೆ ನೀರಿನ ಬದಲಾವಣೆ ಮಾಡುತ್ತದೆ. ವಾರಕ್ಕೊಮ್ಮೆ ಹತ್ತು ಲೀಟರಿನಷ್ಟು ಹಳೆಯ ನೀರನ್ನು ತೆಗೆದು, ಹೊಸದಾಗಿ ಕಲಸಿದ ಕಡಲ ನೀರನ್ನು ಹಾಕಿದರೆ ಕೂಡಿಕೊಂಡ ನೈಟ್ರೇಟ್ ಕಡಿಮೆಯಾಗುತ್ತದೆ.

ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದುಂಟು; ಹವಳದ ದಿಬ್ಬದ ಮೀನುಗಳಿಗೆ ಹಿತವಾದುದು ಸುಮಾರು 24ರಿಂದ 27 ಡಿಗ್ರಿ. ಚೊಂಬಿನ ನೀರು ಕೆರೆಯ ನೀರಿಗಿಂತ ಬೇಗ ಕಾಯುವಂತೆ ಸಣ್ಣ ತೊಟ್ಟಿ ಬೇಗ ಕಾಯುತ್ತದೆ. ಸಣ್ಣದನ್ನು ನೋಡಿಕೊಳ್ಳುವುದು ಸುಲಭವೆಂಬ ನಂಬಿಕೆ ಇಲ್ಲಿ ತಲೆಕೆಳಗು. ನೀರಿನ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಮಣ್ಣಿನ ಮಡಕೆಯ ನೀರಿನಂತೆ ತಣ್ಣಗಾಗುತ್ತದೆ. ಆದರೆ ಆವಿಯೂ ಹೆಚ್ಚುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ವಿದ್ಯುತ್ತು ಹೋದ ಮಧ್ಯಾಹ್ನಕ್ಕೆಂದು ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಕೈಗೆಟುಕುವಲ್ಲಿರಬೇಕು.

ಹವಳವನ್ನೇ ತಂದಿರಿಸಬಾರದೆ ಎಂಬ ಪ್ರಶ್ನೆ ಏಳುವುದು ಸಹಜ. ಹವಳ ಕಲ್ಲಲ್ಲ, ಪುಟ್ಟ ಪ್ರಾಣಿಗಳ ವಸಾಹತು. ತಮ್ಮ ಮೈಯೊಳಗೆ ನೆಲೆಸಿದ ಪಾಚಿಯಿಂದ ಆಹಾರ ಪಡೆದು, ನೀರಿನ ಸುಣ್ಣದಿಂದ ತಮ್ಮ ಗೂಡನ್ನು ಕಟ್ಟುವ ಜೀವಿಗಳವು. ಲಕ್ಷದ್ವೀಪ, ಮನ್ನಾರ್ ಖಾರಿಗಳಲ್ಲಿಯೂ ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಅವು ಇವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಅವುಗಳಿಗೂ ಇದೆ. ಮಸ್ಕಿಯ ಬಂಡೆಯ ಮೇಲೆ ಯಾರ ಹೆಸರು ಕೆತ್ತಿದೆಯೋ ಆ ಅಶೋಕನೂ ತನ್ನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಆಮೆಯನ್ನು ಹೆಸರಿಸಿದ್ದಾನೆ. ಹೀಗಾಗಿ ಕಡಲಿನಿಂದ ಕಿತ್ತ ಹವಳಕ್ಕೆ, ಅದು ಸತ್ತ ತುಂಡಾಗಿದ್ದರೂ, ಮನೆಯ ತೊಟ್ಟಿಯಲ್ಲಿ ಸ್ಥಾನವಿಲ್ಲ.

ಮೀನುಗಳಲ್ಲಿಯೂ ಮರಿಕೇಂದ್ರದಲ್ಲಿ ಹುಟ್ಟಿದವನ್ನೇ ಕೇಳಿ ಕೊಳ್ಳಬೇಕು. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳಿರುವ ಕ್ಲೌನ್ ಮೀನನ್ನು ತೊಟ್ಟಿಗಳಲ್ಲಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಮೊದಲ ತೊಟ್ಟಿಗೆ ಅಂತಹ ಒಂದು ಜೋಡಿ ಸಾಕು. ಮೀನು ತಂದ ಚೀಲವನ್ನು ತೊಟ್ಟಿಯಲ್ಲಿ ತೇಲಬಿಟ್ಟು, ಎರಡು ನೀರಿನ ಉಷ್ಣತೆ ಸಮವಾದ ಮೇಲೆ, ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸುತ್ತ ಹೋಗಬೇಕು. ಕಡೆಗೆ ಮೀನನ್ನು ಮಾತ್ರ ಬಲೆಯಿಂದೆತ್ತಿ ಒಳಗೆ ಬಿಟ್ಟು, ಗಾಜಿನ ಮೇಲೆ ಅಂದಿನ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಬೇಕು.